ಮಗನ ಕರಡಿಗೆ ನನ್ನ ಮುಷ್ಟಿಯಲ್ಲಿ

ಆ ಚಳಿಗಾಲದಲ್ಲಿ ಭಾನುವಾರ ಬಂದರೆ ನನಗೊಂದು ಕೆಲಸವಿತ್ತು. ಡರ್ಬಿಯಲ್ಲಿ ರೈಲು ಹತ್ತಿ ಲೀಡ್ಸ್‌ಗೆ ಹೋಗುವುದು, ಮಗ ಆಡುವ ಮೈದಾನದ ಹಗ್ಗದ ಈಚೆ ನಿಲ್ಲುವುದು, ಆಟ ಮುಗಿಯುವವರೆಗೆ ಅವನ ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡಿರುವುದು.

ಮಗ ಅಲ್ಲಿ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ. ಹೆಡಿಂಗ್ಲೀ ಬಡಾವಣೆಯಲ್ಲಿ ಗೆಳೆಯರ ಜೊತೆ ಮನೆ. ಅವರೊಡನೆ ಅಮೆರಿಕನ್ ಫುಟ್‌ಬಾಲ್ ತಂಡಕ್ಕೂ ಸೇರಿಕೊಂಡ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಕೊರಳಲ್ಲಿ ಏನೂ ಇರಕೂಡದು, ದಾರ ಯಾರ ಕೈಗಾದರೂ ಸಿಕ್ಕಿಕೊಂಡರೆ ಅಪಾಯ ಎಂದು ಕೋಚ್ ಹೇಳಿದರಂತೆ. ಅದು ಸರಿಯೇ.

"ಬ್ಯಾಗ್‌ನಾಗ ಇಡ್ತೀನಿ ಅಮ್ಮಾ, ಇಟ್ಸ್ ಫೈನ್" ಎಂದು ಫೋನಿನಲ್ಲಿ ಹೇಳಿದ.

"ಬೂಟು, ಬೆವರಿನ ಅಂಗಿ ಜೋಡಿ ಶಿವನ್ನ ಇಡ್ತಿಯೇನಪಾ? ನಾನ ಬಂದು ಹಿಡ್ಕೊಂಡು ನಿಂದರ್ತೀನಿ."

"ಎವ್ರಿ ವೀಕ್? ಈ ಥಂಡ್ಯಾಗ?"

"ಇಲ್ಲೇನು ಮನ್ಯಾಗ ಬಿಸಲು ಬಿದ್ದೈತೇನು?"

ಅವನು ನಕ್ಕು ಒಪ್ಪಿಕೊಂಡ. ನಾನು ಹೇಳಿದ್ದು ಬರೀ ತಮಾಷೆಯಲ್ಲ. ನಮ್ಮ ಮನೆಯವರು ಆಸ್ಪತ್ರೆಯ ಡಾಕ್ಟರು. ವಾರಾಂತ್ಯದ ಡ್ಯೂಟಿ ಬಂದರೆ ಅಲ್ಲಿರುತ್ತಾರೆ, ಬರದಿದ್ದರೆ ಮಲಗಿರುತ್ತಾರೆ. ಭಾನುವಾರ ನಮ್ಮ ಮನೆಯಲ್ಲಿ ಮಾತಾಡುವುದು ಮನೆ ಬೆಚ್ಚಗಿಡುವ ಬಾಯ್ಲರ್ ಒಂದೇ.

ಹೀಗೆ ತಂಡ ಲೀಡ್ಸ್‌ನಲ್ಲಿ ಆಡಿದರೆ ಲೀಡ್ಸ್‌ಗೆ, ಬರ್ಮಿಂಗ್‌ಹ್ಯಾಮ್‌ನಲ್ಲಿ ಆಡಿದರೆ ಅಲ್ಲಿಗೆ ಹೋದೆ. ಆಟ ನನಗೆ ತಿಳಿಯಲಿಲ್ಲ. ಚೆಂಡು ಎಸೆಯುವ ಹುಡುಗನ ಮುಂದೆ ನಿಂತು, ನುಗ್ಗಿ ಬರುವವರನ್ನು ತಡೆಯುವುದು ನನ್ನ ಮಗನ ಕೆಲಸ. ಚೆಂಡು ಅವನ ಕೈಗೆ ಬರುವುದೇ ಇಲ್ಲ. ಎಲ್ಲರೂ ಚೆಂಡು ನೋಡುತ್ತಿದ್ದರೆ ನಾನು ಅವನ ಬೆನ್ನಿನ ಮೇಲಿನ ನಂಬರ್ ನೋಡುತ್ತಿದ್ದೆ. ಗೆಲುವು ಕೊಡು ಎಂದು ಬೇಡಲಿಲ್ಲ. ಅವನ ಲಿಂಗವನ್ನು ಹಿಡಿದುಕೊಂಡು ಅಷ್ಟು ಸಣ್ಣದನ್ನು ಕೇಳಬಾರದು ಅನ್ನಿಸುತ್ತಿತ್ತು. ಅವನ ಕುತ್ತಿಗೆ, ಮೊಣಕಾಲು ನೆಟ್ಟಗಿರಲಿ ತಂದೆ, ಅಷ್ಟೇ. ಆದರೂ ಗೆಲ್ಲುತ್ತಲೇ ಹೋದರು.

ನನ್ನ ಪಕ್ಕದಲ್ಲಿ ಇನ್ನೊಬ್ಬ ಹುಡುಗನ ತಾಯಿ ನಿಲ್ಲುತ್ತಿದ್ದಳು, ಎಲ್ಲರನ್ನೂ 'ಲವ್' ಎಂದೇ ಕರೆಯುವ ಇಂಗ್ಲಿಷ್ ಹೆಂಗಸು. "ಕೈಯಲ್ಲೇನು ಲವ್, ಹ್ಯಾಂಡ್ ವಾರ್ಮರಾ?" ಎಂದು ಕೇಳಿದಳು. ಬಿಡಿಸಿ ಹೇಳುವಷ್ಟು ಇಂಗ್ಲಿಷ್ ಆ ಚಳಿಯಲ್ಲಿ ಬಾಯಿಗೆ ಬರಲಿಲ್ಲ. "ಹಾಗೇ ಅಂದುಕೊಳ್ಳಿ" ಎಂದೆ. ಮುಂದಿನ ವಾರ ಆಕೆ ನನಗೊಂದು ನಿಜವಾದ ಹ್ಯಾಂಡ್ ವಾರ್ಮರ್, ಕೈ ಬೆಚ್ಚಗಿಡುವ ಪುಟ್ಟ ಪುಡಿಚೀಲ, ತಂದುಕೊಟ್ಟಳು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದೆ. ಹುಡುಗರಿಗೂ ನನ್ನ ಮುಷ್ಟಿ ಕಣ್ಣಿಗೆ ಬಿದ್ದಿತ್ತು. "ಲಕ್ಕಿ ಮಮ್ ಬಂದ್ರು! ಮುಷ್ಟಿ ಬಿಚ್ಚಬೇಡಿ, ಸೋತುಬಿಡ್ತೀವಿ!" ಎಂದು ಕೂಗುತ್ತ ಮೈದಾನಕ್ಕಿಳಿಯುತ್ತಿದ್ದರು.

ಆಟ ಮುಗಿದ ಮೇಲೆ ಮಗ ಓಡಿ ಬಂದು, ಶಿವದಾರದೊಳಗೆ ಕೊರಳು ತೂರಿಸಿ, ಕರಡಿಗೆಯನ್ನು ಅಂಗಿಯೊಳಗೆ ಇಳಿಬಿಟ್ಟು, "ಥ್ಯಾಂಕ್ಸ್ ಅಮ್ಮಾ, ಮನಿ ಮುಟ್ಟಿದ್ಮ್ಯಾಲೆ ಟೆಕ್ಸ್ಟ್ ಮಾಡು" ಎಂದು ಹುಡುಗರ ಕಡೆ ಓಡುತ್ತಿದ್ದ. ಕಣ್ಣಿಗೆ ಒತ್ತಿಕೊಳ್ಳುತ್ತಿರಲಿಲ್ಲ. ಹೆಡಿಂಗ್ಲೀಯ ಆ ಮನೆಯಲ್ಲಿ ದಿನಾ ಪೂಜೆ ಮಾಡುತ್ತಾನೋ, ಅಥವಾ ನನಗೋಸ್ಕರ ಬರೀ ಕೊರಳಿಗೆ ಹಾಕಿಕೊಂಡು ತಿರುಗುತ್ತಾನೋ? ಕೇಳಲು ಧೈರ್ಯವಾಗಲಿಲ್ಲ. 'ನಿನಗೋಸ್ಕರ' ಅಂದುಬಿಟ್ಟರೆ ಏನು ಮಾಡಲಿ? ಪ್ರತಿ ವಾರ ಡರ್ಬಿಯವರೆಗೂ ರೈಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದುದು ಈ ಪ್ರಶ್ನೆಯೇ.

ಫೈನಲ್ ಕೂಡ ಗೆದ್ದರು. ಜನ ಮೈದಾನದೊಳಗೆ ನುಗ್ಗಿದರು. ಹುಡುಗರ ಕೊರಳಿಗೆ ಮೆಡಲ್ ಹಾಕಿದರು, ಫೋಟೋ ತೆಗೆದರು. ಮಗ ದೂರದಿಂದಲೇ ನನಗೆ ಕೈಬೀಸಿದ. ನಾನೂ ಬೀಸಿದೆ, ಖಾಲಿ ಇದ್ದ ಕೈಯನ್ನು. ಬರುತ್ತಾನೆ ಎಂದು ನಿಂತೆ. ಅವರೆಲ್ಲ ಹಾಡುತ್ತ ಬಸ್ ಹತ್ತಿದರು. ಬಸ್ ಹೋಯಿತು.

ಹಗ್ಗ ಸುತ್ತುವವರು ಬಂದಾಗಲೂ ನಾನು ಅಲ್ಲೇ ಇದ್ದೆ. "ಬಾ ಲವ್, ಸ್ಟೇಷನ್ನಿಗೆ ಬಿಡ್ತೀನಿ" ಎಂದು ಆ ಹೆಂಗಸು ತನ್ನ ಕಾರಿನಲ್ಲಿ ಕೂರಿಸಿಕೊಂಡಳು. ಇಳಿಯುವಾಗ ತನ್ನ ನಂಬರ್ ಬರೆದುಕೊಟ್ಟಳು. ಅಷ್ಟಾದರೂ ಶಿವ ಕೊಟ್ಟ. ರೈಲಿನಿಂದ ಮಗನಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಮರೆತೇಬಿಟ್ಟ, ಮೆಡಲ್ ಬಂತಲ್ಲ, ಕೊರಳಿಗೆ ಅದೇ ಸಾಕಾಯಿತು ಎಂದುಕೊಂಡೆ. ಮನೆಯಲ್ಲಿ ಯಾರೂ ಇರಲಿಲ್ಲ. ಮಡಿ ವಸ್ತ್ರ ಹಾಸಿ ದೀಪದ ಮುಂದೆ ಅವನ ಕರಡಿಗೆ ಇಟ್ಟೆ. ರೊಟ್ಟಿಯನ್ನು ಹಾಗೇ ಮುಚ್ಚಿಟ್ಟೆ.

ಬೆಳಿಗ್ಗೆ ನಾನು ಪೂಜೆ ಮುಗಿಸಿ ಏಳುವಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಮಗ! ನಿನ್ನೆಯ ತಂಡದ ಜಾಕೆಟ್ಟಿನಲ್ಲೇ ಇದ್ದ.

"ಅಮ್ಮಾ, ನಿನ್ನ ಹತ್ರ ಐತೆಲ್ಲ?"

"ಐತಿ. ದೀಪದ ಮುಂದ ಐತಿ."

ಗೋಡೆಗೆ ಒರಗಿ ಉಸಿರುಬಿಟ್ಟ. "ಫೋನ್ ಡೆಡ್ ಆಗಿತ್ತು. ನಿನ್ನಿ ಸಂಜಿ ಶವರ್‌ನಾಗ ಎದಿ ಮುಟ್ಕೊಂಡೆ, ಇಟ್ ವಾಸಂಟ್ ದೇರ್. ಮುಂಜಾನೆ ಫಸ್ಟ್ ಟ್ರೇನ್ ಹಿಡದು ಬಂದೆ."

"ಹೊಟ್ಟಿಗೆ ಏನರ ತಿಂದ್ಯೋ ಇಲ್ಲೋ?"

"ಪೂಜಿ ಆಗಿಲ್ಲಲ್ಲ, ಹೌ ಕುಡ್ ಐ ಈಟ್? ನಿನ್ನಿ ಪಾರ್ಟಿಯೊಳಗೂ ಬರೇ ನೀರು ಕುಡದೀನಿ. ದೇ ಥಾಟ್ ಐ ವಾಸ್ ಇಲ್."

ಸ್ನಾನಕ್ಕೆ ಟವೆಲ್ ಕೊಟ್ಟೆ. ಅವನು ಬಂದು ಕೂತು, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡಗೈಯಲ್ಲಿಟ್ಟು ನೀರೆರೆದ, ಪತ್ರಿ ಏರಿಸಿದ, ಕಣ್ಣು ನೆಟ್ಟು ಕೂತ. ಯಾವುದಾದ ಮೇಲೆ ಯಾವುದು ಎಂದು ನನ್ನನ್ನು ಕೇಳಲಿಲ್ಲ. ಕೊನೆಗೆ ಕಣ್ಣಿಗೊತ್ತಿಕೊಂಡ. ನಾನು ಅಡುಗೆಮನೆಗೆ ಹೋಗಿ ಹಿಟ್ಟಿಗೆ ನೀರು ಹಾಕಿ, ಅವನಿಗೆ ಕೇಳದ ಹಾಗೆ ಅತ್ತೆ.

ರೊಟ್ಟಿ, ಬದನೆಕಾಯಿ ಪಲ್ಯ ಹೊಟ್ಟೆ ತುಂಬ ತಿಂದ. ಮಧ್ಯಾಹ್ನದ ರೈಲಿಗೆ ಹೋದ.

ಸೀಸನ್ ಮುಗಿಯಿತು. ಭಾನುವಾರ ಈಗ ಮತ್ತೆ ಬಾಯ್ಲರ್ ಮಾತಾಡುತ್ತದೆ, ನಾನು ಕೇಳುತ್ತೇನೆ. ಅವನ ಲಿಂಗ ಅವನ ಎದೆಯ ಮೇಲಿದೆ, ಅದನ್ನು ಹಿಡಿದುಕೊಂಡು ನಿಲ್ಲಲು ಇನ್ನು ನಾನು ಬೇಕಿಲ್ಲ. ಕೋಟಿನ ಜೇಬಿನಲ್ಲಿ ಆ ಹೆಂಗಸಿನ ಹ್ಯಾಂಡ್ ವಾರ್ಮರ್ ಕಾವು ಮುಗಿದು ಗಟ್ಟಿಯಾಗಿ ಹೋಗಿದೆ, ಜೊತೆಗೆ ಅವಳ ನಂಬರ್ ಇದೆ. ಒಂದು ಭಾನುವಾರ ಫೋನ್ ಮಾಡಿ, ನನ್ನ ಕೈಯಲ್ಲಿ ಇದ್ದದ್ದು ಏನೆಂದು ಹೇಳಬೇಕು. ಇನ್ನೂ ಮಾಡಿಲ್ಲ.