ತಲೆಯಾಡಿಸುವವರೆಗೂ ಅರ್ಜಿ

ಅವರ ಬಲಗೈಯ ನಡುಬೆರಳಿಗೆ ಹುಣಸೆಬೀಜದಷ್ಟು ಗಂಟು. ಪೆನ್ನು ಒತ್ತಿ ಒತ್ತಿ ಆದದ್ದು. ಅದರ ಮೇಲೆ ಯಾವಾಗಲೂ ನೀಲಿ ಮಸಿ. ಆಳಂದದಲ್ಲಿ ನಮ್ಮ ತಹಶೀಲ್ ಕಚೇರಿಯ ಪಡಸಾಲೆಯ ಕಂಬಕ್ಕೆ ಒರಗಿ, ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಮಂದಿಗೆ ಅರ್ಜಿ ಬರೆದುಕೊಡುತ್ತಿದ್ದರು. ಊರೆಲ್ಲ ಅವರನ್ನು ಮುನ್ಷಿ ಚಾಚಾ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ.

ನಾನು ಅದೇ ಕಚೇರಿಯ ಗುಮಾಸ್ತ, ಕಿಟಕಿಯ ಒಳಗಿನವನು. ಅಪ್ಪ ಸರ್ವಿಸಿನಲ್ಲಿದ್ದಾಗಲೇ ತೀರಿಕೊಂಡದ್ದಕ್ಕೆ ಅನುಕಂಪದ ಮೇಲೆ ಸಿಕ್ಕ ನೌಕರಿ. ಕಂಬಿಗಳ ಸಂದಿಯಿಂದ ಬಂದ ಅರ್ಜಿಗೆ ಮೊಹರು ಒತ್ತಬೇಕು, ನಂಬರು ಹಾಕಬೇಕು, ಮುಗಿಯಿತು. ಕಾಲೇಜಿನಲ್ಲಿ ಕಥೆ ಬರೆದು ಬಹುಮಾನ ತಂದವನು ಆರು ವರ್ಷದಿಂದ ಒಂದು ಸಾಲು ಬರೆದಿರಲಿಲ್ಲ. ಬಿಟ್ಟು ಹೋಗೋಣವೆಂದರೆ ಮನೆಯಲ್ಲಿ ಅವ್ವ, ಇಬ್ಬರು ತಂಗಿಯರು.  ಆ ಸಿಟ್ಟನ್ನೆಲ್ಲ ಮೊಹರಿನ ಮೇಲೆ ತೀರಿಸುತ್ತಿದ್ದೆ. ಸದ್ದು ಕೇಳಿ ಚಾಚಾ ಹೊರಗಿನಿಂದಲೇ ಅನ್ನುತ್ತಿದ್ದರು: "ಮೆಲ್ಲಗ್ರಿ ಸಾಬ್ರ, ಮೇಜು ಸರ್ಕಾರದ್ದದ."

ಅವರದೊಂದು ಪದ್ಧತಿ. ಬಂದವರನ್ನು ಎದುರಿಗೆ ಕೂರಿಸಿ ಪೂರ್ತಿ ಕೇಳುವುದು, ಬರೆಯುವುದು, ಬರೆದದ್ದನ್ನು ಅವರಿಗೇ ಓದಿ ಹೇಳುವುದು. ಕೇಳಿದವರು ತಲೆಯಾಡಿಸಬೇಕು. ಆಡಿಸದಿದ್ದರೆ ಹಾಳೆ ಹರಿದು ಹೊಸದು ಶುರು. ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ತಯಾರು ಫಾರಂ ಸಿಗತೊಡಗಿದ ಮೇಲೂ ಪುಣ್ಯಾತ್ಮ ಇದನ್ನು ಬಿಡಲಿಲ್ಲ. ಗಿರಾಕಿ ಕಡಿಮೆಯಾದರು, ಪದ್ಧತಿ ಕಡಿಮೆಯಾಗಲಿಲ್ಲ.

ಒಮ್ಮೆ ಸರಸಂಬಾದ ರೈತರೊಬ್ಬರು ಹೊಲಕ್ಕೆ ದಾರಿ ಬೇಕೆಂದು ಬಂದಿದ್ದರು. ಕಿಟಕಿ ಮುಚ್ಚುವ ಹೊತ್ತು. 'ದಾರಿಯಿಲ್ಲದೆ ತುಂಬಾ ತೊಂದರೆಯಾಗಿದೆ' ಎಂದು ಚಾಚಾ ಓದಿದರು. ರೈತರು ತಲೆಯಾಡಿಸಲಿಲ್ಲ. ನನಗೆ ರೇಗಿಹೋಗಿ, ತೊಂದರೆ ಅಂತ ಬರೆದರೆ ಸಾಕು, ಕೊಡಿ ಅಂದೆ. ಚಾಚಾ ನನ್ನ ಕಡೆ ನೋಡಲೇ ಇಲ್ಲ. ಹಾಳೆ ಹರಿದು, ಏನು ತೊಂದರೆ ಎಂದು ಮತ್ತೆ ಕೇಳಿದರು. ರೈತರು ಹೇಳಿದರು: "ನಮ್ಮವ್ವನ ಮಣ್ಣು ಆ ಹೊಲದಾಗ ಮಾಡೇವ್ರಿ. ಒಂದ್ ದೀಪಾ ಹಚ್ಚಿ ಬರಾಕ ಮಂದೀನ ಕೇಳಬೇಕಾಗೇದ."

ಅದನ್ನೇ ಬರೆದರು. ಓದಿದಾಗ ರೈತರು ತಲೆಯಾಡಿಸಿದರು. ಆ ಹಾಳೆ ನನ್ನ ಕೈಗೆ ಬಂದಾಗ ಮೊಹರು ಎತ್ತಿದ ಕೈ ಹಾಗೇ ನಿಂತಿತು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ನಾನು ಬರೆದ ಯಾವ ಕಥೆಯಲ್ಲೂ ಅಂಥ ಸಾಲು ಇರಲಿಲ್ಲ.

ಮರುದಿನ ಚಹಾ ಕುಡಿಯುತ್ತ ಅವರ ಮುಂದೆ ಎಲ್ಲ ತೋಡಿಕೊಂಡೆ. ಈ ಕಂಬಿಗಳ ಹಿಂದೆ ಮನಸ್ಸು ಸತ್ತುಹೋಗಿದೆ, ಕಲಬುರಗಿಗೆ ವರ್ಗವಾದರೆ ಬರೆಯುತ್ತೇನೆ ಅಂದೆ. ಚಾಚಾ ಬಸಿಯಲ್ಲಿದ್ದ ಚಹಾ ಮುಗಿಸಿದರು.

"ನಂಗೂ ಮನಸಿರಾಂಗಿಲ್ರಿ ಸಾಬ್ರ. ಎದುರಿಗೆ ಒಬ್ಬರು ಕುಂತಿರ್ತಾರ, ಅದಕ್ಕ ಬರೀತೇನಿ. ನೀವು ಯಾರನ್ನೂ ಕುಂದರಿಸ್ಕೊಂಡಿಲ್ಲ."

ಕೋಪ ಬಂತು. ಅರ್ಜಿ ಬರೆಯುವವರು ನನಗೆ ಬುದ್ಧಿ ಹೇಳುವುದೇ? ನಾಲ್ಕು ದಿನ ಮಾತು ಬಿಟ್ಟೆ. ಅವರೇನೂ ಬಿಡಲಿಲ್ಲ, ದಿನಾ ಸಲಾಂ ಮಾಡುತ್ತಿದ್ದರು.

ಹೋದ ಬೇಸಿಗೆಯಲ್ಲಿ ಎರಡು ದಿನ ಕಂಬದ ಬುಡ ಖಾಲಿಯಿತ್ತು. ಮೂರನೆಯ ದಿನ ಚಾಚಾ ತೀರಿಕೊಂಡ ಸುದ್ದಿ ಬಂತು.

ತಿಂಗಳಾದ ಮೇಲೆ ಅವರ ಹೆಂಡತಿ ವಿಧವಾ ಪಿಂಚಣಿಯ ಫಾರಂ ಹಿಡಿದು ಕಿಟಕಿಗೆ ಬಂದರು. ಓದು ಬಾರದ ಹೆಂಗಸು. ನಾನೇ ತುಂಬಿದೆ. ಗಂಡನ ಉದ್ಯೋಗ ಎಂಬಲ್ಲಿ 'ಕೂಲಿ' ಎಂದು ಬರೆದೆ. ಅಂಥ ಫಾರಮಿನಲ್ಲಿ ಎಲ್ಲರಿಗೂ ಹಾಗೇ ಬರೆಯುವುದು ರೂಢಿ, ಕೈಗೆ ಅದೇ ಬರುತ್ತದೆ. ಮೊಹರು ಎತ್ತಿಕೊಂಡಾಗ, ಓದಿ ಹೇಳು ಅಂದರು. ಓದಿದೆ.

ಚಾಚಿ ತಲೆಯಾಡಿಸಲಿಲ್ಲ.

"ಕೂಲಿ ಮಾಡಿಲ್ಲ ಬೇಟಾ ಅವ್ರು. ಬರೀತಿದ್ರು."

ನಾಚಿಕೆಯಿಂದ ಸತ್ತುಹೋದೆ. ಫಾರಂ ಹರಿದೆ. ಇನ್ನೊಂದು ಫಾರಂ, ಜೊತೆಗೆ ನಾಲ್ಕು ಬಿಳಿ ಹಾಳೆ ತೆಗೆದುಕೊಂಡು ಹೊರಗೆ ಬಂದೆ. ಕಂಬಕ್ಕೆ ಒರಗಿ, ಮೊಣಕಾಲ ಮೇಲೆ ಫೈಲು ಇಟ್ಟುಕೊಂಡು ಆಕೆಯನ್ನು ಎದುರಿಗೆ ಕೂರಿಸಿದೆ. ಹೇಳ್ರಿ ಚಾಚಿ, ಅಂದೆ. ಆಕೆ ಚಾಚಾ ಬಗ್ಗೆ ಹೇಳುತ್ತ ಹೋದರು. ಪಿಂಚಣಿಗೆ ಅದ್ಯಾವುದೂ ಬೇಕಿರಲಿಲ್ಲ. ಎರಡು ಹಾಳೆ ಹರಿದೆ. ಮೂರನೆಯದನ್ನು ಓದಿದಾಗ ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಆರು ವರ್ಷಗಳ ಮೇಲೆ ನಾನು ಬರೆದದ್ದು ಅದೇ ಮೊದಲು.

ವರ್ಗ ಇನ್ನೂ ಆಗಿಲ್ಲ. ಆವತ್ತೂ ಮತ್ತೆ ಕಂಬಿಗಳ ಹಿಂದೆಯೇ ಹೋಗಿ ಕೂತೆ. ಹೊಸ ಫಾರಮಿನಲ್ಲಿ ಉದ್ಯೋಗ 'ಬರೆಯುವುದು' ಎಂದು ತುಂಬಿ, ಅದಕ್ಕೆ ಆ ಹಾಳೆಯನ್ನು ಲಗತ್ತಿಸಿ, ನಾನೇ ಮೊಹರು ಒತ್ತಿದೆ, ಮೆಲ್ಲಗೆ.