ಸೇರಿಸಿದವರ ಹೆಸರು

ಆಫೀಸಿನಲ್ಲಿ ಅವಳಿಗೆ ಜರಡಿ ಅಕ್ಕ ಎಂದೇ ಹೆಸರು. ಎಂಥ ಜಾಣರು ಬರೆದ ಪ್ರೋಗ್ರಾಮೇ ಆಗಲಿ, ಅವಳ ಕಣ್ಣು ತಪ್ಪಿಸಿ ದಾಟಿದ ದೋಷ ಅಪರೂಪ. ಮನೆಯಲ್ಲೂ ಗ್ಯಾಸ್ ಆರಿಸಿ ಮೂರು ಸಲ ಮುಟ್ಟಿ ನೋಡುತ್ತಾಳೆ. "ನನ್ನನ್ನೂ ಪರೀಕ್ಷೆ ಮಾಡೇ ಒಪ್ಕೊಂಡ್ಲು, ರಿಸಲ್ಟ್ ಮಾತ್ರ ಇನ್ನೂ ಹೇಳಿಲ್ಲ" ಎಂದು ಗಂಡ ನಗುತ್ತಾನೆ.

ಅವಳದೊಂದು ನೇಮ. ಪರೀಕ್ಷೆ ನಡೆಸುವ ಮೊದಲೇ ಬರಬೇಕಾದ ಉತ್ತರವನ್ನು ಎಡಗಡೆ ಬರೆಯಬೇಕು, ನಡೆಸಿದ ಮೇಲೆ ಬಂದದ್ದನ್ನು ಬಲಗಡೆ. ಎರಡೂ ಒಂದೇ ಆದರೆ ಪಾಸು. ಉತ್ತರ ನೋಡಿಕೊಂಡು ಎಡಗಡೆ ತುಂಬಿಸುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತದೆ.

ಈ ಸಲ ಪರೀಕ್ಷೆಗೆ ಬಂದದ್ದು ‘ಲಾಗ್’. ಹಲವರು ಸೇರಿ ಬರೆಯುವ ಪ್ರೋಗ್ರಾಮಿನಲ್ಲಿ ಯಾರು, ಯಾವತ್ತು, ಏನು ಬದಲಿಸಿದರು ಎಂಬುದನ್ನೆಲ್ಲ ನೆನಪಿಡುವ ವ್ಯವಸ್ಥೆಯನ್ನು ಕಂಪನಿ ಮತ್ತೆ ಹೊಸದಾಗಿ ಕಟ್ಟುತ್ತಿತ್ತು. ‘ಲಾಗ್’ ಎಂದು ಟೈಪ್ ಮಾಡಿದರೆ ಆ ಚರಿತ್ರೆ ಪರದೆಗೆ ಬರಬೇಕು. ಹಳೆಯ ಲಾಗ್ ಬದಲಾವಣೆ ಬರೆದವರ ಹೆಸರನ್ನಷ್ಟೇ ತೋರಿಸುತ್ತಿತ್ತು. ಹೊಸದು ಆ ಬದಲಾವಣೆಯನ್ನು ಎಲ್ಲರೂ ಬಳಸುವ ಮೂಲ ಪ್ರತಿಗೆ ಸೇರಿಸಿದವರ, ಒಳಗೆಲ್ಲೋ ದಾಖಲಾಗಿದ್ದ ಹೆಸರನ್ನೂ ತೋರಿಸಬೇಕಿತ್ತು.

ಪರೀಕ್ಷೆಗೆಂದು ಹನ್ನೊಂದು ವರ್ಷದ ಹಿಂದಿನ, ಮೂಲೆಗುಂಪಾದ ಪ್ರಾಜೆಕ್ಟೊಂದನ್ನು ಕೊಟ್ಟರು. ಒಂದೊಂದೇ ಬದಲಾವಣೆ ದಾಟುತ್ತ ಬಂದವಳು ಒಂದು ಕಡೆ ನಿಂತುಬಿಟ್ಟಳು. ಬರೆದವನು ನಿಧಾನಿ.

ನಿಧಾನಿ ಆಗ ಪಕ್ಕದ ಮೇಜಿನವನು. ಒಂದು ಸಾಲು ಬರೆದರೆ ನಾಲ್ಕು ಸಲ ಓದುವ ಆಸಾಮಿ, ಅದಕ್ಕೇ ಆ ಅಡ್ಡಹೆಸರು. ಆವತ್ತು ಮಗಳಿಗೆ ಜ್ವರವೆಂದು ಹೊರಡುತ್ತ, "ಅಕ್ಕಾ, ಒಂಚೂರು ನೋಡಿ ಸೇರಿಸಿಬಿಡಿ" ಅಂದಿದ್ದ. ಅವಳು ನೋಡಿದಳು. ಒಂದು ಸಾಲು ದಂಡ ಅನ್ನಿಸಿತು, ತೆಗೆದು ಸೇರಿಸಿದಳು. ಮಾಹಿತಿ ಅಳಿಸುವ ಮೊದಲು ಅದರ ಪ್ರತಿ ತೆಗೆದಿಡುತ್ತಿದ್ದುದೇ ಆ ಸಾಲು. ಮೂರನೇ ದಿನ ಒಂದು ಗ್ರಂಥಾಲಯದ ಪುಸ್ತಕಗಳ ಪಟ್ಟಿ ಪೂರ್ತಿ ಅಳಿಸಿಹೋಯಿತು.

ಮ್ಯಾನೇಜರ್ ಲಾಗ್ ತೆರೆದರು. ಅಲ್ಲಿದ್ದದ್ದು ನಿಧಾನಿಯ ಹೆಸರೊಂದೇ. "ನಾನು ಆ ಸಾಲು ತೆಗ್ದಿಲ್ಲ ಸರ್" ಅಂದ ನಿಧಾನಿ.

"ಲಾಗ್ ಸುಳ್ಳು ಹೇಳುತ್ತೇನ್ರೀ?"

ಅವನು ಅವಳ ಕಡೆ ತಿರುಗಿದ. "ಅಕ್ಕಾ, ನೀವು ನೋಡ್ದಾಗ ಅದು ಇತ್ತಲ್ವಾ?"

ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರಿತ್ತು. "ನೆನಪಿಲ್ಲಪ್ಪ" ಅಂದಳು. ನಾಳೆ ನಿಜ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ಬರುವ ಮೊದಲೇ ಅವನು ಕೆಲಸ ಬಿಟ್ಟ.

ಈಗ ಎಡಗಡೆ ಅವನ ಹೆಸರು ಬರೆದವಳಿಗೆ ಮುಂದೆ ಕೈ ಓಡಲಿಲ್ಲ. ಜೀವನದಲ್ಲಿ ಮೊದಲ ಸಲ ನೇಮ ಮುರಿದು, ಎಡಗಡೆ ಪೂರ್ತಿ ಮಾಡದೆ ಲಾಗ್ ಓಡಿಸಿದಳು. ಪರದೆಯಲ್ಲಿ ಒಂದೇ ಹೆಸರು! ಹೊಸ ಲಾಗ್ ಕೂಡ ಅವಳ ಹೆಸರನ್ನು ನುಂಗಿಹಾಕಿತ್ತು. ಹಾಗೇ ಬಿಟ್ಟರೆ ಎಡಗಡೆಗೂ ಬಲಗಡೆಗೂ ತಾಳೆಯಾಗುತ್ತದೆ. ಪಾಸು. ನರಪಿಳ್ಳೆಗೂ ತಿಳಿಯುವುದಿಲ್ಲ. ಒಂದು ಗಳಿಗೆ ಎದೆ ಹಗುರಾಯಿತು. ಹಗುರಾದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಊರವರ ತಟ್ಟೆಯಲ್ಲಿ ನೊಣ ಹುಡುಕಿ ಸಂಬಳ ತಿಂದವಳ ತಟ್ಟೆಯಲ್ಲಿ ಹೆಗ್ಗಣವೇ ಸತ್ತು ಬಿದ್ದಿತ್ತು.

ಎಡಗಡೆ ತನ್ನ ಹೆಸರನ್ನೂ ಬರೆದಳು. ಫೇಲು ಎಂದು ಗುರುತು ಹಾಕಿದಳು.

ಲಾಗ್ ಬರೆದ ಎಂಜಿನಿಯರ್ ಹುಡುಗಿ ಓಡಿ ಬಂದಳು. "ಅಕ್ಕಾ, ಇಲ್ಲಿ ಇನ್ನೊಂದು ಹೆಸ್ರಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಸೇರಿಸಿದ್ದು ನಾನೇ ಕಣಮ್ಮಾ. ಸಾಲು ತೆಗ್ದಿದ್ದೂ ನಾನೇ."

ಮೆಟ್ಟಿಲ ಬಳಿ ನಿಂತು ಫೋನ್ ಮಾಡಿದಳು. ನಿಧಾನಿ ಈಗ ಗಡಿಯಾರ ರಿಪೇರಿ ಮಾಡುತ್ತಾನೆಂದು ಯಾರೋ ಹೇಳಿದ್ದರು. "ಅಕ್ಕಾ! ಎಷ್ಟು ವರ್ಷ ಆಯ್ತು!" ಅಂದ ಅವನ ಸಂತೋಷಕ್ಕೇ ಅವಳು ಅರ್ಧ ಸತ್ತಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಅವತ್ತು ನೀವು ನೆನಪಿಲ್ಲ ಅಂದ್ರಲ್ಲ" ಎಂದ ಅವನು. "ಅಕ್ಕ ಸುಳ್ಳು ಹೇಳೋರಲ್ಲ, ಜ್ವರದ ಗಾಬರೀಲಿ ನಾನೇ ತೆಗ್ದಿರ್ಬೇಕು ಅಂತ ನಂಬ್ಕೊಂಡ್ಬಿಟ್ಟೆ. ಆಮೇಲೆ ಕೀಬೋರ್ಡ್ ಮುಟ್ಟೋಕೇ ಧೈರ್ಯ ಬರ್ಲಿಲ್ಲ."

"ಬೈಯಪ್ಪಾ. ಏನಾದ್ರೂ ಅನ್ನು."

"ಮಗಳು ಆಗಾಗ ಹೇಳ್ತಿರ್ತಾಳೆ, ಅಪ್ಪಾ ನನ್ನ ಜ್ವರದಿಂದ ನಿನ್ನ ಕೆಲ್ಸ ಹೋಯ್ತು ಅಂತ. ಫೋನ್ ಇಡ್ತೀನಿ ಅಕ್ಕಾ. ಮೊದ್ಲು ಅವಳಿಗೆ ಹೇಳ್ಬೇಕು."