ಮಾಸುಮಾಬಿ ಬೆಕ್ಕನ್ನು ಬಿಡಲಿಲ್ಲ

ಸಿರುಗುಪ್ಪದಲ್ಲಿ ಹುಟ್ಟಿದ ಮಾಸುಮಾಬಿಯನ್ನು ಕುರುಗೋಡಿಗೆ ಕೊಟ್ಟಿದ್ದರು. ಮದುವೆಯಾದ ಮರುವರ್ಷ ಅವಳ ಮಣಿಕಟ್ಟಿನ ಮೇಲೆ ಬಿಳಿ ಮಚ್ಚೆ ಕಾಣಿಸಿಕೊಂಡಿತು. ತೊನ್ನು ಅಂಟುವ ರೋಗವಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅತ್ತೆ ಅವಳ ತಟ್ಟೆ, ಲೋಟ ಬೇರೆ ಇಟ್ಟಳು. ಮಚ್ಚೆ ಕುತ್ತಿಗೆಗೆ ಏರಿದಾಗ ಗಂಡ ತವರಿಗೆ ತಂದು ಬಿಟ್ಟ. ಮನೆಗೆ ಯಾರಾದರೂ ಬಂದರೆ ಒಳಗೇ ಇರು ಎಂದ ಅಣ್ಣ. ಅವಳು ಅವತ್ತೇ ಬಟ್ಟೆ ಗಂಟು ಕಟ್ಟಿಕೊಂಡು ಬಳ್ಳಾರಿ ಬಸ್ಸು ಹತ್ತಿದಳು.

ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದವಳು ಈಗ ಪಾರ್ವತಿನಗರದ ವಠಾರದಲ್ಲಿ ಬಾಡಿಗೆ ಕೋಣೆ ಹಿಡಿದು, ಸ್ವಂತ ಮಷಿನ್ನಿನಲ್ಲಿ ಪ್ಯಾಂಟಿನ ಜೇಬು ಹೊಲಿಯುತ್ತಾಳೆ. ಉದ್ದ ತೋಳಿನ ರವಿಕೆಯನ್ನು ಅವಳು ಹಾಕಿಕೊಂಡದ್ದೇ ಇಲ್ಲ. ನೋಡುವವರು ನೋಡಲಿ ಎಂಬ ಹಟ.

ಕಳೆದ ಬೇಸಿಗೆಯಲ್ಲಿ ಅವಳ ಬೆಕ್ಕು ಮುನ್ನಿಗೆ ಚಿಗಟ ಹತ್ತಿದವು. ಗಾಂಧಿನಗರದಲ್ಲಿ ಪ್ರಾಣಿಗಳ ಔಷಧಿ ಮಾರುವ ಪಕ್ಕೀರಪ್ಪ ಒಂದು ಸಣ್ಣ ಟ್ಯೂಬು ಕೊಟ್ಟು, "ಕುತ್ತಿಗಿ ಹಿಂದ ಹಾಕ್ರಿ. ನಾಯಿಗೂ ಇದಾ, ಬೆಕ್ಕಿಗೂ ಇದಾ," ಎಂದ. ಅವಳು ಹಿಂಡುತ್ತಿದ್ದಂತೆ ಮುನ್ನಿ ಕೊಸರಿಕೊಂಡು ಓಡಿತು. ಬಿದ್ದದ್ದು ಒಂದೆರಡು ಹನಿ ಅಷ್ಟೇ. ಬೆಳಿಗ್ಗೆ ನೋಡಿದರೆ ಕುತ್ತಿಗೆಯ ಕೂದಲು ಕಿತ್ತು ಬಂದಿತ್ತು. ಚರ್ಮ ಸುಟ್ಟಂತೆ ಕೆಂಪಾಗಿ ನೀರು ಒಸರುತ್ತಿತ್ತು. ಬೆಕ್ಕು ಕೆರೆದು ಕೆರೆದು ರಕ್ತ ಬರಿಸಿಕೊಂಡಿತ್ತು.

ಮನೆ ಒಡತಿ ಹೊನ್ನೂರಮ್ಮ ಅದನ್ನು ನೋಡಿ ಹೌಹಾರಿದಳು. "ಏ ಮಾಸುಮಾ, ಇದಕ್ಕ ಕಜ್ಜಿ ಹತ್ತೇತಿ. ಹುಡುಗ್ರು ಆಡೋ ಜಾಗ ಇದು. ಚೀಲದಾಗ ಹಾಕ್ಕೊಂಡು ಹೋಗಿ ಊರ ಹೊರಗ ಮೋಕಾ ರಸ್ತೆ ಕಡಿ ಬಿಟ್ಟು ಬಾ."

"ಕಜ್ಜಿ ಅಲ್ಲಕ್ಕಾ. ಔಷಧಿ ಹಾಕಿದ ಮ್ಯಾಲೆ ಹಿಂಗಾಗೇತಿ."

"ಅಂಟಿದ್ರ ಯಾರು ಹೊಣಿ? ಬೆಕ್ಕು ಬೇಕಂದ್ರ ನೀನೂ ಮನಿ ಖಾಲಿ ಮಾಡು."

ಮಾಸುಮಾಬಿಗೆ ಮೈಯೆಲ್ಲ ಉರಿದುಹೋಯಿತು. "ನನ್ನೂ ಚರ್ಮ ನೋಡಿ ಹಿಂಗಾ ಬಿಟ್ಟು ಹೋಗಿದ್ರಕ್ಕಾ. ಇದನ್ನ ನಾ ಬಿಡಂಗಿಲ್ಲ. ಮನೀನೂ ಬಿಡಂಗಿಲ್ಲ. ಅಂಟತೈತಿ ಅಂತ ಡಾಕ್ಟರು ಹೇಳ್ಲಿ, ಆಮ್ಯಾಲೆ ಮಾತಾಡೂಣು," ಎಂದವಳೇ ಬೆಕ್ಕನ್ನೂ ಟ್ಯೂಬನ್ನೂ ಬುಟ್ಟಿಗೆ ಹಾಕಿಕೊಂಡು ಪಶು ಆಸ್ಪತ್ರೆಗೆ ನಡೆದಳು.

ಡಾಕ್ಟರ್ ಅನಿತಾ ಟ್ಯೂಬಿನ ಮೇಲಿದ್ದದ್ದನ್ನು ಓದಿದರು. "ಇದು ನಾಯಿಗೆ ಮಾತ್ರ ಹಾಕೋದಮ್ಮ. ಬೆಕ್ಕಿಗೆ ವಿಷ. ಪೂರ್ತಿ ಬಿದ್ದಿದ್ರ ನಡುಕ ಬಂದು ಸತ್ತೇ ಹೋಗ್ತಿತ್ತೇನೋ. ಪುಣ್ಯಕ್ಕ ಚರ್ಮಕ್ಕಷ್ಟ ಆಗೇತಿ. ಯಾರಿಗೂ ಅಂಟಂಗಿಲ್ಲ." ಅವರು ಸೋಪಿನ ನೀರಿನಲ್ಲಿ ಔಷಧಿ ತೊಳೆದು, ಇಂಜೆಕ್ಷನ್ ಕೊಟ್ಟು, ಗಾಯ ಕೆರೆಯದಂತೆ ಕುತ್ತಿಗೆಗೆ ಬಟ್ಟೆ ಕಟ್ಟಲು ಹೇಳಿ ಮುಲಾಮು ಬರೆದುಕೊಟ್ಟರು.

ಮಾಸುಮಾಬಿ ಅಲ್ಲಿಂದ ಮನೆಗೆ ಹೋಗಲಿಲ್ಲ, ಸೀದಾ ಗಾಂಧಿನಗರಕ್ಕೆ ಹೋಗಿ ಪಕ್ಕೀರಪ್ಪನಿಗೆ ಗಾಯ ತೋರಿಸಿ, ಡಾಕ್ಟರು ಹೇಳಿದ್ದನ್ನು ಹೇಳಿದಳು.

"ನಿಮ್ ಬೆಕ್ಕಿಗೆ ಮೊದ್ಲ ರೋಗ ಇತ್ತು ಬಿಡ್ರಿ," ಎಂದ ಪಕ್ಕೀರಪ್ಪ, ಮುಖ ಎತ್ತದೆ.

ಅವಳು ಅಂಗಡಿ ಮೆಟ್ಟಿಲ ಮೇಲೆ ಬೆಕ್ಕನ್ನು ತೊಡೆಯಲ್ಲಿಟ್ಟುಕೊಂಡು ಕೂತುಬಿಟ್ಟಳು. ಬಂದ ಗಿರಾಕಿಗಳನ್ನೆಲ್ಲ ತಡೆದು, "ಬೆಕ್ಕಿಗೆ ಒಯ್ತೀರೇನ್ರಿ? ನಾಯಿ ಔಷಧಿ ಕೊಡ್ತಾನ, ನೋಡ್ರಿಲ್ಲಿ," ಎಂದು ಗಾಯ ತೋರಿಸಿದಳು. ಒಬ್ಬ ಹೆಂಗಸು ಕೊಂಡಿದ್ದ ಟ್ಯೂಬನ್ನು ವಾಪಸ್ಸು ಇಟ್ಟೇ ಹೋದಳು. ಪಕ್ಕೀರಪ್ಪ ಗದರಿದ, ಪೊಲೀಸರನ್ನು ಕರೆಯುತ್ತೇನೆ ಎಂದ.

"ಕರಿ. ಅವ್ರಿಗೂ ತೋರಸ್ತೀನಿ."

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವನು ಸೋತ. ಆ ಟ್ಯೂಬುಗಳನ್ನೆಲ್ಲ ಬೇರೆ ಡಬ್ಬಿಗೆ ಸುರಿದು, "ನಾಯಿಗೆ ಮಾತ್ರ" ಎಂದು ದಪ್ಪಗೆ ಬರೆದು ಅಂಟಿಸಿದ. "ತಪ್ಪಾತಮ್ಮ," ಎಂದ.

"ನನಗ್ಯಾಕ ಹೇಳ್ತಿ? ಇದಕ್ಕ ಹೇಳು," ಎಂದು ಅವಳು ಬೆಕ್ಕನ್ನು ಮುಂದೆ ಹಿಡಿದಳು. ಅವನು ಸುತ್ತ ಒಮ್ಮೆ ನೋಡಿ, ಅದಕ್ಕೂ ಹೇಳಿದ.

ಅಂಟುವುದಿಲ್ಲವೆಂದ ಡಾಕ್ಟರ ಮಾತನ್ನು ಹೊನ್ನೂರಮ್ಮನಿಗೆ ಮುಟ್ಟಿಸಿ, ಗಾಯ ಒಣಗುವವರೆಗೂ ಮಾಸುಮಾಬಿ ವಠಾರದ ನಟ್ಟನಡುವೆ, ಎಲ್ಲರಿಗೂ ಕಾಣುವಂತೆ ಕೂತು ಮುಲಾಮು ಹಚ್ಚಿದಳು. ಮಳೆಗಾಲದ ಹೊತ್ತಿಗೆ ಮುನ್ನಿಗೆ ಕೂದಲು ತುಂಬಿತು. ಚಿಗಟಕ್ಕೆ ಈಗ ಡಾಕ್ಟರು ಹೇಳಿದ ಔಷಧಿ ಬಿಟ್ಟು ಬೇರೇನನ್ನೂ ಅವಳು ಮುಟ್ಟುವುದಿಲ್ಲ. ಮನೆ ಖಾಲಿ ಮಾಡೆಂದು ಹೊನ್ನೂರಮ್ಮ ಮತ್ತೆ ಕೇಳಲಿಲ್ಲ, ಮಾತನ್ನೂ ಆಡುತ್ತಿಲ್ಲ. ಆಡದಿದ್ದರೆ ಅಷ್ಟೇ ಹೋಯಿತು ಎಂದು ಮಾಸುಮಾಬಿ ಬಾಗಿಲು ಪೂರ್ತಿ ತೆರೆದಿಟ್ಟುಕೊಂಡೇ ಮಷಿನ್ ತುಳಿಯುತ್ತಾಳೆ.